ಈ ವಿಳಾಸ ಯಾರದ್ದು? ಸಿಂಗಲ್ ಪೇಜ್ ಆ್ಯಪ್ ಪಕ್ಕದಲ್ಲಿ ಸಾದಾ ಪುಟಗಳು

ಖರ್ಚಿನ ಲೆಕ್ಕ ಬರೆದಿಡುವ ಒಂದು ವೆಬ್ ಆ್ಯಪ್ ಇದೆ ಅಂತ ಇಟ್ಟುಕೊಳ್ಳಿ. ಇವತ್ತಿನ ಮಾತಿಗೆಲ್ಲ ಈ ಒಂದು ಉದಾಹರಣೆ ಸಾಕು. ರಿಯಾಕ್ಟ್, ವ್ಯೂ, ಆ್ಯಂಗ್ಯುಲರ್, ಇಂಥ ಯಾವ ಜಾವಾಸ್ಕ್ರಿಪ್ಟ್ ಚೌಕಟ್ಟಿನಲ್ಲಿ ಬರೆದಿದ್ದರೂ ಆದೀತು. ಸರ್ವರ್‌ನಲ್ಲಿ ಇರುವುದು ಒಂದೇ ಎಚ್‌ಟಿಎಂಎಲ್ ಫೈಲ್, ಇಂಡೆಕ್ಸ್. ಅದರೊಳಗೂ ಹೆಚ್ಚೇನಿಲ್ಲ. ಒಂದು ಖಾಲಿ ಡಿವ್, ಜಾವಾಸ್ಕ್ರಿಪ್ಟ್ ಎಲ್ಲಿದೆ ಅಂತ ತೋರಿಸುವ ಒಂದು ಸಾಲು. ಮಿಕ್ಕಿದ್ದೆಲ್ಲ ಬ್ರೌಸರ್‌ನಲ್ಲೇ ತಯಾರಾಗುತ್ತದೆ. ಸಿಂಗಲ್ ಪೇಜ್ ಆ್ಯಪ್ ಅನ್ನುವುದು ಇದಕ್ಕೇ.

ಈಗ ಇದಕ್ಕೆ ನಾಲ್ಕು ಸಾದಾ ಪುಟ ಸೇರಿಸಬೇಕು. ಬಳಕೆಯ ನಿಯಮಗಳು, ಖಾಸಗಿತನದ ನೀತಿ, ಸಹಾಯ, ನಮ್ಮ ಬಗ್ಗೆ. ಇವಕ್ಕೆ ಜಾವಾಸ್ಕ್ರಿಪ್ಟ್ ಬೇಕಿಲ್ಲ. ಎಚ್‌ಟಿಎಂಎಲ್ ಬರೆದು ಫೋಲ್ಡರ್‌ನಲ್ಲಿ ಇಟ್ಟರೆ ಮುಗೀತು, ಅಲ್ವಾ?

ಇಡುತ್ತೀರಿ. ವಿಳಾಸ ಟೈಪ್ ಮಾಡಿದರೆ ಸಹಾಯದ ಪುಟ ಚೆನ್ನಾಗಿ ಬರುತ್ತದೆ. ಆದರೆ ಆ್ಯಪ್ ಒಳಗಿನಿಂದ 'ಸಹಾಯ' ಲಿಂಕ್ ಒತ್ತಿದರೆ 'ಪುಟ ಸಿಗಲಿಲ್ಲ' ಅನ್ನುತ್ತದೆ. ಅಲ್ಲೇ ರಿಫ್ರೆಶ್ ಮಾಡಿದರೆ ಪುಟ ಬಂದುಬಿಡುತ್ತದೆ. ಆ್ಯಪ್‌ನ 'ವರದಿ' ಪರದೆಯ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಲಿಂಕ್ ಒತ್ತಿದರೆ ಬರುತ್ತದೆ, ರಿಫ್ರೆಶ್ ಮಾಡಿದರೆ 404, ಅಂದರೆ ಸರ್ವರ್‌ನಿಂದ 'ಇಲ್ಲ' ಅನ್ನುವ ಉತ್ತರ. ಎರಡು ಬೇರೆ ತೊಂದರೆ ಅಂತ ಅನ್ನಿಸುತ್ತದೆ. ಬೇರು ಒಂದೇ. ಒಂದು ವಿಳಾಸಕ್ಕೆ ಯಾರು ಉತ್ತರ ಕೊಡಬೇಕು ಅನ್ನುವ ತೀರ್ಮಾನ ಎರಡು ಕಡೆ ಆಗುತ್ತಿದೆ, ಆ ಎರಡೂ ಒಂದಕ್ಕೊಂದು ಒಪ್ಪುತ್ತಿಲ್ಲ.

ಎರಡು ಕಡೆ ಅಂದರೆ ಯಾವುದು? ಒಂದು, ಸರ್ವರ್. ವಿಳಾಸ ಟೈಪ್ ಮಾಡಿದಾಗ, ರಿಫ್ರೆಶ್ ಮಾಡಿದಾಗ, ಹೊರಗಿನ ಲಿಂಕ್‌ನಿಂದ ಬಂದಾಗ ತೀರ್ಮಾನ ಅದರದ್ದು. ಇನ್ನೊಂದು, ಬ್ರೌಸರ್‌ನಲ್ಲಿ ಓಡುತ್ತಿರುವ ನಿಮ್ಮ ಆ್ಯಪ್‌ನ ರೂಟರ್. ಆ್ಯಪ್ ಒಳಗೆ ಲಿಂಕ್ ಒತ್ತಿದಾಗ ಅದು ಸರ್ವರ್‌ಗೆ ಹೋಗಲು ಬಿಡದೆ ತಾನೇ ಪರದೆ ಬದಲಿಸುತ್ತದೆ. ಸರ್ವರ್‌ಗೆ ವರದಿ ಅನ್ನುವ ಪರದೆ ಇದೆ ಅಂತ ಗೊತ್ತಿಲ್ಲ. ರೂಟರ್‌ಗೆ ಸಹಾಯ ಅನ್ನುವ ಫೈಲ್ ಇದೆ ಅಂತ ಗೊತ್ತಿಲ್ಲ. ಇಷ್ಟೇ ವಿಷಯ. ಆದರೆ ಇದರ ಕೊಂಬೆಗಳು ಬಹಳ ದೂರ ಹರಡಿವೆ.

ಈ ತೊಂದರೆ ಮೊದಲು ಇರಲಿಲ್ಲ. ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ, ಯಾಕೆ ಅಂತ ಗೊತ್ತಾದರೆ ಪರಿಹಾರ ಸುಲಭವಾಗಿ ಅರ್ಥವಾಗುತ್ತದೆ. ಆರಂಭದ ಆ್ಯಪ್‌ಗಳು ತಮ್ಮ ಪರದೆಗಳ ಹೆಸರನ್ನು ವಿಳಾಸದ ಹ್ಯಾಶ್ ಚಿಹ್ನೆಯ ನಂತರ ಬರೆಯುತ್ತಿದ್ದವು. ಹ್ಯಾಶ್ ನಂತರದ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳಿಸುವುದೇ ಇಲ್ಲ. ಹಾಗಾಗಿ ಹ್ಯಾಶ್‌ನ ಎಡಗಡೆ ಸರ್ವರ್‌ನದ್ದು, ಬಲಗಡೆ ಆ್ಯಪ್‌ನದ್ದು. ಗಡಿ ಸ್ಪಷ್ಟ, ಜಗಳ ಇಲ್ಲ. ನೋಡಲು ಚೆನ್ನಾಗಿರಲಿಲ್ಲ ಅನ್ನುವುದು ಬೇರೆ ಮಾತು. ಸರ್ಚ್ ಎಂಜಿನ್‌ಗಳಿಗೂ ಅದು ತಲೆನೋವಾಗಿತ್ತು. ಹ್ಯಾಶ್ ಪಕ್ಕ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಅಂಥ ಪುಟಗಳನ್ನೂ ಓದುತ್ತೇವೆ ಅಂತ ಗೂಗಲ್ 2009ರಲ್ಲಿ ಒಂದು ಪದ್ಧತಿ ಸೂಚಿಸಿತು. 2015ರಲ್ಲಿ ಅದನ್ನು ಕೈಬಿಟ್ಟಿತು. ಅಷ್ಟರಲ್ಲಿ ಟ್ವಿಟರ್ ಆ ದಾರಿಯಲ್ಲಿ ಹೋಗಿ ವಾಪಸ್ ಬಂದಾಗಿತ್ತು. 2010ರಲ್ಲಿ ಎಲ್ಲವನ್ನೂ ಬ್ರೌಸರ್‌ನಲ್ಲಿ ಚಿತ್ರಿಸಲು ಹೊರಟ ಅವರು, 2012ರಲ್ಲಿ ಮೊದಲ ಪುಟವನ್ನು ಸರ್ವರ್‌ನಿಂದಲೇ ಕಳಿಸುವುದಕ್ಕೆ ಮರಳಿದರು. ಪುಟ ತೆರೆಯುವ ಸಮಯ ಐದನೇ ಒಂದು ಭಾಗಕ್ಕೆ ಇಳಿಯಿತು ಅಂತ ಅವರೇ ಹೇಳಿದರು.

ಈ ಮಧ್ಯೆ ಬ್ರೌಸರ್‌ಗಳಿಗೆ ಹಿಸ್ಟರಿ ಎಪಿಐ ಬಂತು. ಪುಷ್‌ಸ್ಟೇಟ್ ಅನ್ನುವ ಒಂದು ಫಂಕ್ಷನ್. ಸರ್ವರ್‌ಗೆ ಹೋಗದೆ ವಿಳಾಸದ ಪೂರ್ತಿ ದಾರಿಯನ್ನೇ ಬದಲಿಸಬಹುದು. 2011ರ ಹೊತ್ತಿಗೆ ಕ್ರೋಮ್, ಸಫಾರಿ, ಫೈರ್‌ಫಾಕ್ಸ್‌ಗಳಲ್ಲಿ ಇದು ಇತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ 2012ರಲ್ಲಿ, 10ನೇ ಆವೃತ್ತಿಯಲ್ಲಿ ಬಂತು. ವಿಳಾಸಗಳು ಸ್ವಚ್ಛವಾದವು. ಹ್ಯಾಶ್ ಹೋಯಿತು. ಅದರ ಜೊತೆಗೆ ಆ ಗಡಿಯೂ ಹೋಯಿತು. ಈಗ ಒಂದು ವಿಳಾಸ ನೋಡಿದ ಮಾತ್ರಕ್ಕೆ ಅದು ಫೈಲ್‌ನದ್ದೋ ಆ್ಯಪ್‌ನದ್ದೋ ಹೇಳಲು ಆಗುವುದಿಲ್ಲ.

ರಿಫ್ರೆಶ್ ಮಾಡಿದರೆ 404 ಬರುವ ತೊಂದರೆಗೆ ಎಲ್ಲರೂ ಕೊಡುವ ಉತ್ತರ ಒಂದೇ. ಫೈಲ್ ಇದ್ದರೆ ಫೈಲ್ ಕೊಡು, ಇಲ್ಲದಿದ್ದರೆ ಇಂಡೆಕ್ಸ್ ಕೊಡು. ಇದನ್ನು ಬರೆಯುವ ರೀತಿ ಮಾತ್ರ ಒಂದೊಂದು ಸರ್ವರ್‌ನಲ್ಲಿ ಒಂದೊಂದು. ಎಂಜಿನ್‌ಎಕ್ಸ್‌ನಲ್ಲಿ ಟ್ರೈ ಫೈಲ್ಸ್ ಅಂತ ಒಂದು ಸಾಲು. ಅಪಾಚೆಯಲ್ಲಿ ಫಾಲ್‌ಬ್ಯಾಕ್ ರಿಸೋರ್ಸ್. ನೆಟ್ಲಿಫೈನಲ್ಲಿ ರೀಡೈರೆಕ್ಟ್ಸ್ ಫೈಲ್‌ನಲ್ಲಿ ಒಂದು ಸಾಲು. ನೋಡ್‌ನ ಎಕ್ಸ್‌ಪ್ರೆಸ್‌ನಲ್ಲಿ ಕೊನೆಗೆ ಎಲ್ಲವನ್ನೂ ಹಿಡಿಯುವ ಒಂದು ಹ್ಯಾಂಡ್ಲರ್. ಇದನ್ನೇ ಫಾಲ್‌ಬ್ಯಾಕ್ ಅನ್ನುತ್ತೇವೆ.

ಈ ಒಂದು ಸಾಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ. ಯಾಕೆಂದರೆ ನಾನು ನೋಡಿದ ತೊಂದರೆಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ. ಆ ಸಾಲಿನ ಅರ್ಥ ಏನು ಗಮನಿಸಿ. ನಿಮ್ಮ ಸೈಟ್‌ನಲ್ಲಿ ಇನ್ನು ಮುಂದೆ 'ಇಲ್ಲ' ಅನ್ನುವ ಉತ್ತರವೇ ಇಲ್ಲ. ಯಾವ ವಿಳಾಸ ಕೇಳಿದರೂ 200, ಅಂದರೆ 'ಇದೆ, ತಗೊಳ್ಳಿ' ಅಂತ ಉತ್ತರ. ಜೊತೆಗೆ ಒಂದು ಖಾಲಿ ಎಚ್‌ಟಿಎಂಎಲ್.

ಇದರಿಂದ ಏನಾಗುತ್ತದೆ? ಒಂದೊಂದಾಗಿ ನೋಡೋಣ. ಬಿಲ್ಡ್ ಮಾಡಿದಾಗ, ಅಂದರೆ ಬರೆದ ಕೋಡನ್ನು ಸರ್ವರ್‌ಗೆ ಹಾಕುವ ರೂಪಕ್ಕೆ ತಂದಾಗ, ಜಾವಾಸ್ಕ್ರಿಪ್ಟ್ ಫೈಲ್‌ಗಳ ಹೆಸರಿನಲ್ಲಿ ಅಕ್ಷರ, ಅಂಕೆಗಳ ಒಂದು ಸರಣಿ ಸೇರುತ್ತದೆ. ಒಳಗಿನ ಕೋಡ್ ಬದಲಾದರೆ ಹೆಸರೂ ಬದಲಾಗುತ್ತದೆ. ಒಬ್ಬರು ಬೆಳಿಗ್ಗೆ ಆ್ಯಪ್ ತೆರೆದು ಟ್ಯಾಬ್ ಹಾಗೇ ಬಿಟ್ಟಿದ್ದಾರೆ. ಮಧ್ಯಾಹ್ನ ನೀವು ಹೊಸದನ್ನು ಡಿಪ್ಲಾಯ್ ಮಾಡಿ, ಅಂದರೆ ಸರ್ವರ್‌ಗೆ ಏರಿಸಿ, ಹಳೆಯ ಫೈಲ್‌ಗಳನ್ನು ಅಳಿಸುತ್ತೀರಿ. ಸಂಜೆ ಅವರು 'ವರದಿ' ಒತ್ತುತ್ತಾರೆ. ಅವರ ಹಳೆಯ ಆ್ಯಪ್ ಹಳೆಯ ಹೆಸರಿನ ಫೈಲ್ ಕೇಳುತ್ತದೆ. ಅದು ಈಗ ಇಲ್ಲ. 404 ಬಂದಿದ್ದರೆ ಆ್ಯಪ್‌ಗೆ ಅರ್ಥವಾಗುತ್ತಿತ್ತು. ಆದರೆ ನಿಮ್ಮ ಫಾಲ್‌ಬ್ಯಾಕ್ ಇಂಡೆಕ್ಸ್ ಪುಟವನ್ನು 200 ಅಂತ ಕೊಡುತ್ತದೆ. ಬ್ರೌಸರ್ ಅದನ್ನು ಜಾವಾಸ್ಕ್ರಿಪ್ಟ್ ಅಂತ ಓದಲು ಹೊರಡುತ್ತದೆ. ಮೊದಲ ಅಕ್ಷರವೇ '<'. ಕನ್ಸೋಲ್‌ನಲ್ಲಿ 'ಅನಿರೀಕ್ಷಿತ ಟೋಕನ್' ಅನ್ನುವ ಅರ್ಥದ ಕೆಂಪು ಸಾಲು ನೋಡಿದ್ದೀರಲ್ವಾ? ಇಲ್ಲಿ ನಡೆದಿದ್ದು ಇದು. ಮಾಡ್ಯೂಲ್ ಸ್ಕ್ರಿಪ್ಟ್ ಆಗಿದ್ದರೆ ಬ್ರೌಸರ್ ಇನ್ನೂ ಕಟ್ಟುನಿಟ್ಟು. ಕಂಟೆಂಟ್ ಟೈಪ್ ಎಚ್‌ಟಿಎಂಎಲ್ ಅಂತ ಕಂಡ ತಕ್ಷಣ ಓದದೆ ತಿರಸ್ಕರಿಸುತ್ತದೆ. ಇನ್ನೂ ಕೆಟ್ಟದ್ದು ಒಂದಿದೆ. ಈ ಬಿಲ್ಡ್ ಫೈಲ್‌ಗಳಿಗೆ 'ಒಂದು ವರ್ಷ ಇಟ್ಟುಕೋ' ಅನ್ನುವ ಕ್ಯಾಶ್ ಹೆಡರ್ ಹಾಕಿರುತ್ತೇವೆ. ಮಧ್ಯದಲ್ಲಿರುವ ಸಿಡಿಎನ್, ಅಂದರೆ ಫೈಲ್‌ಗಳ ಪ್ರತಿ ಇಟ್ಟುಕೊಂಡು ಬಳಕೆದಾರರಿಗೆ ಹತ್ತಿರದಿಂದ ಹಂಚುವ ಸರ್ವರ್‌ಗಳ ಜಾಲ, ಆ ತಪ್ಪು ಎಚ್‌ಟಿಎಂಎಲ್ ಅನ್ನೇ ಆ ಹೆಸರಿನಲ್ಲಿ ಒಂದು ವರ್ಷಕ್ಕೆ ಇಟ್ಟುಕೊಳ್ಳಬಹುದು.

ಹಾಗಾಗಿ ನನ್ನ ಮೊದಲ ಸಲಹೆ. ಬಿಲ್ಡ್ ಫೈಲ್‌ಗಳ ಫೋಲ್ಡರ್‌ಗೆ ಫಾಲ್‌ಬ್ಯಾಕ್ ಬೇಡವೇ ಬೇಡ. ಅಲ್ಲಿ ಫೈಲ್ ಇದ್ದರೆ ಕೊಡಿ, ಇಲ್ಲದಿದ್ದರೆ ನಿಜವಾದ 404 ಕೊಡಿ. ಎಂಜಿನ್‌ಎಕ್ಸ್‌ನಲ್ಲಿ ಆ ಫೋಲ್ಡರ್‌ಗೆ ಒಂದು ಪ್ರತ್ಯೇಕ ಲೊಕೇಶನ್ ಬ್ಲಾಕ್ ಬರೆದು, ಟ್ರೈ ಫೈಲ್ಸ್‌ನ ಕೊನೆಗೆ 404 ಅಂತ ಹಾಕಿದರೆ ಆಯಿತು. ಹಾಗೆಯೇ ಹಿಂದಿನ ಬಿಲ್ಡ್‌ನ ಫೈಲ್‌ಗಳನ್ನು ಕೆಲವು ದಿನ ಅಳಿಸದೆ ಬಿಡಿ. ಜಾಗ ದೊಡ್ಡ ವಿಷಯವಲ್ಲ. ತೆರೆದ ಟ್ಯಾಬ್‌ಗಳಲ್ಲಿ ಕೆಲಸ ಮಾಡುತ್ತಿರುವವರಿಗೆ ಅದರಿಂದ ಉಪಕಾರವಾಗುತ್ತದೆ.

ಕ್ಯಾಶ್ ವಿಷಯ ಬಂದಿದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಹೆಸರಿನಲ್ಲಿ ಆ ಅಕ್ಷರ ಸರಣಿ ಇರುವ ಫೈಲ್‌ಗಳನ್ನು 31536000 ಸೆಕೆಂಡ್, ಅಂದರೆ ಒಂದು ವರ್ಷ, ಇಟ್ಟುಕೊಳ್ಳಲು ಹೇಳಬಹುದು. ಆ ಹೆಸರಿನ ಫೈಲ್ ಎಂದೂ ಬದಲಾಗುವುದಿಲ್ಲವಲ್ಲ. ಇಂಡೆಕ್ಸ್ ಫೈಲ್‌ಗೆ ಮಾತ್ರ 'ನೋ ಕ್ಯಾಶ್' ಹಾಕಿ. ನೋ ಕ್ಯಾಶ್ ಅಂದರೆ ಇಟ್ಟುಕೊಳ್ಳಬೇಡ ಅಂತಲ್ಲ. ಇಟ್ಟುಕೋ, ಆದರೆ ಬಳಸುವ ಮೊದಲು ಪ್ರತಿ ಸಲ ಸರ್ವರ್‌ನ ಕೇಳು ಅಂತ. ಇಟ್ಟುಕೊಳ್ಳಲೇಬೇಡ ಅನ್ನಲು 'ನೋ ಸ್ಟೋರ್' ಬೇರೆಯೇ ಇದೆ. ಇನ್ನು ನಿಯಮಗಳು, ಸಹಾಯದಂಥ ಸಾದಾ ಪುಟಗಳು ಇವೆರಡರ ನಡುವೆ ಬರುತ್ತವೆ. ಅವುಗಳ ಹೆಸರು ಬದಲಾಗುವುದಿಲ್ಲ, ಒಳಗಿನ ಮಾತು ಬದಲಾಗಬಹುದು. ಕೆಲವು ನಿಮಿಷಗಳ ಕ್ಯಾಶ್ ಸಾಕು.

ಫಾಲ್‌ಬ್ಯಾಕ್‌ನ ಇನ್ನೊಂದು ಬಲಿ ಯಂತ್ರಗಳು ಓದುವ ಫೈಲ್‌ಗಳು. ರೋಬೋಟ್ಸ್ ಫೈಲ್, ಸೈಟ್‌ಮ್ಯಾಪ್, ಮತ್ತು ಚುಕ್ಕೆಯಿಂದ ಶುರುವಾಗುವ 'ವೆಲ್ ನೋನ್' ಫೋಲ್ಡರ್. ವೆಬ್‌ಸೈಟ್ ಲಿಂಕ್ ಒತ್ತಿದರೆ ನೇರವಾಗಿ ಫೋನ್‌ನ ಆ್ಯಪ್ ತೆರೆಯಬೇಕು ಅಂದರೆ ಆ್ಯಂಡ್ರಾಯ್ಡ್ ಮತ್ತು ಐಫೋನ್ ಎರಡೂ ಈ ಫೋಲ್ಡರ್‌ನಲ್ಲಿ ಒಂದು ಜೇಸನ್ ಫೈಲ್ ಹುಡುಕುತ್ತವೆ. ಅಲ್ಲಿ ನಿಮ್ಮ ಇಂಡೆಕ್ಸ್ ಪುಟ ಸಿಕ್ಕರೆ ಪರಿಶೀಲನೆ ಸುಮ್ನೆ ಸೋಲುತ್ತದೆ. ಬ್ರೌಸರ್‌ನಲ್ಲಿ ತೆರೆದು ನೋಡಿದರೆ ನಿಮ್ಮ ಆ್ಯಪ್ ಕಾಣುತ್ತದೆ, ಎರರ್ ಎಲ್ಲೂ ಇಲ್ಲ. ಹುಡುಕುತ್ತಾ ಕೂರಬೇಕು.

ಇಲ್ಲಿ ಒಂದು ಉಪಕಥೆ ಹೇಳಲೇಬೇಕು. ಇದೇ ಫೋಲ್ಡರ್‌ನಲ್ಲಿ ಪಾಸ್‌ವರ್ಡ್ ಬದಲಿಸುವ ಪುಟಕ್ಕೆ ಒಂದು ಗೊತ್ತಾದ ವಿಳಾಸ ಇರಲಿ ಅಂತ ಒಂದು ಮಾನಕ ಇದೆ. ಪಾಸ್‌ವರ್ಡ್ ಮ್ಯಾನೇಜರ್ ಆ ವಿಳಾಸಕ್ಕೆ ಹೋಗಿ, ಅದು ಇದ್ದರೆ ಬಳಕೆದಾರರನ್ನು ಅಲ್ಲಿಗೆ ಕಳಿಸುತ್ತದೆ. ಆದರೆ ಎಲ್ಲದಕ್ಕೂ 200 ಅನ್ನುವ ಸೈಟ್‌ಗಳು ಎಷ್ಟೊಂದಿವೆ! ಅಲ್ಲಿ ಆ ವಿಳಾಸ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೆ ಬ್ರೌಸರ್ ಇನ್ನೊಂದು ವಿಳಾಸವನ್ನೂ ಕೇಳುತ್ತದೆ. ಆ ವಿಳಾಸದ ಹೆಸರೇ ಒಂದು ಪೂರ್ತಿ ವಾಕ್ಯ: ಇದು ಇರಬಾರದ ಸಂಪನ್ಮೂಲ, ಇದರ ಸ್ಟೇಟಸ್ ಕೋಡ್ 200 ಆಗಿರಬಾರದು. ಅದಕ್ಕೂ 200 ಬಂದರೆ ಈ ಸೈಟ್‌ನ ಮಾತನ್ನು ನಂಬುವಂತಿಲ್ಲ ಅಂತ ತೀರ್ಮಾನ. ಒಂದು ಸಾಲಿನ ಫಾಲ್‌ಬ್ಯಾಕ್‌ಗೋಸ್ಕರ ಒಂದು ಮಾನಕವನ್ನೇ ಬರೆಯಬೇಕಾಯಿತು. ಈ ಅಭ್ಯಾಸ ಎಷ್ಟು ಹರಡಿದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಕ್ಲೌಡ್ ಸ್ಟೋರೇಜ್ ಬಳಸುವವರಿಗೆ ಒಂದು ಎಚ್ಚರಿಕೆ. ಅಮೆಜಾನ್‌ನ ಫೈಲ್ ಸಂಗ್ರಹ ಎಸ್3 ಮುಂದೆ ಅವರದ್ದೇ ಸಿಡಿಎನ್ ಕ್ಲೌಡ್‌ಫ್ರಂಟ್ ಇಟ್ಟು ಆ್ಯಪ್ ನಡೆಸುವವರು ತುಂಬ ಜನ. ಅಲ್ಲಿ ಇಲ್ಲದ ಫೈಲ್ ಕೇಳಿದರೆ ಸಾಮಾನ್ಯವಾಗಿ 403, ಅಂದರೆ 'ಅನುಮತಿ ಇಲ್ಲ' ಅನ್ನುವ ಉತ್ತರ, ಬರುತ್ತದೆ, ಫೈಲ್‌ಗಳ ಪಟ್ಟಿ ನೋಡುವ ಅನುಮತಿ ಕೊಟ್ಟಿಲ್ಲದಿದ್ದರೆ. ಅದಕ್ಕೆ ಎಲ್ಲರೂ ಹೇಳಿಕೊಡುವ ಉಪಾಯ ಏನೆಂದರೆ, ಕ್ಲೌಡ್‌ಫ್ರಂಟ್‌ನಲ್ಲಿ 403 ಬಂದರೆ ಇಂಡೆಕ್ಸ್ ಪುಟವನ್ನು 200 ಅಂತ ಕೊಡು ಅನ್ನುವ ಸೆಟ್ಟಿಂಗ್. ಇದು ಕೆಲಸ ಮಾಡುತ್ತದೆ. ಆದರೆ ಆ ಸೆಟ್ಟಿಂಗ್ ಇಡೀ ಡಿಸ್ಟ್ರಿಬ್ಯೂಷನ್‌ಗೆ, ಅಂದರೆ ಆ ಕ್ಲೌಡ್‌ಫ್ರಂಟ್ ಹಿಂದೆ ಇಟ್ಟ ಎಲ್ಲಕ್ಕೂ, ಅನ್ವಯಿಸುತ್ತದೆ. ಅದೇ ಡಿಸ್ಟ್ರಿಬ್ಯೂಷನ್ ಹಿಂದೆ ನಿಮ್ಮ ಎಪಿಐ, ಅಂದರೆ ಆ್ಯಪ್‌ಗೆ ಮಾಹಿತಿ ಕೊಡುವ ಸರ್ವರ್ ಭಾಗ, ಕೂಡ ಇದ್ದರೆ? ಅನುಮತಿ ಇಲ್ಲದ ಬಳಕೆದಾರರಿಗೆ ಎಪಿಐ ಸರಿಯಾಗಿಯೇ 403 ಅನ್ನುತ್ತದೆ. ಮಧ್ಯದಲ್ಲಿ ಅದು 200 ಆಗಿ, ಜೇಸನ್ ಬದಲು ಎಚ್‌ಟಿಎಂಎಲ್ ಆಗಿ ಆ್ಯಪ್ ಕೈಗೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಉಪಾಯವನ್ನು ಬಿಟ್ಟುಬಿಡಬೇಕು. ಬದಲಿಗೆ ಒಂದು ಚಿಕ್ಕ ಕ್ಲೌಡ್‌ಫ್ರಂಟ್ ಫಂಕ್ಷನ್ ಬರೆದು, ಆ್ಯಪ್‌ನ ವಿಳಾಸಗಳಿಗೆ ಮಾತ್ರ ಇಂಡೆಕ್ಸ್ ಸಿಗುವಂತೆ ಮಾಡಿ.

ಇದೇ ತಪ್ಪು ಎಕ್ಸ್‌ಪ್ರೆಸ್‌ನಲ್ಲೂ ಆಗುತ್ತದೆ. ಅಲ್ಲಿ ಕ್ರಮ ಮುಖ್ಯ. ಮೊದಲು ಸ್ಟ್ಯಾಟಿಕ್ ಫೈಲ್‌ಗಳು, ಆಮೇಲೆ ಎಪಿಐ, ಎಪಿಐಗೆ ಅದರದ್ದೇ ಒಂದು 404, ಎಲ್ಲ ಮುಗಿದ ಮೇಲೆ ಇಂಡೆಕ್ಸ್. ಆ ಮೂರನೆಯದನ್ನು ಮರೆಯುವವರೇ ಜಾಸ್ತಿ.

ಈಗ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ಇಷ್ಟೆಲ್ಲ ರಗಳೆ ಯಾಕೆ, ಆ ನಾಲ್ಕು ಪುಟಗಳನ್ನೂ ಆ್ಯಪ್ ಒಳಗೇ ಕಾಂಪೊನೆಂಟ್ ಆಗಿ ಬರೆದರೆ ಆಗಲ್ವಾ ಅಂತ. ಆಗುತ್ತದೆ. ತುಂಬ ಕಡೆ ಹಾಗೇ ಮಾಡುತ್ತಾರೆ. ಆದರೂ ನಾನು ಬೇಡ ಅನ್ನುತ್ತೇನೆ. ಸಹಾಯದ ಪುಟಕ್ಕೆ ಯಾರು ಬರುತ್ತಾರೆ ಯೋಚಿಸಿ. ಅವರಲ್ಲಿ ಆ್ಯಪ್ ತೆರೆಯುತ್ತಲೇ ಇಲ್ಲ ಅಂತ ಕಷ್ಟಪಡುತ್ತಿರುವವರೂ ಇರುತ್ತಾರೆ. ಹಳೆಯ ಫೋನ್, ನಿಧಾನದ ನೆಟ್‌ವರ್ಕ್, ಸ್ಕ್ರಿಪ್ಟ್ ತಡೆಯುವ ಆಫೀಸಿನ ಕಂಪ್ಯೂಟರ್. ಅಂಥವರಿಗೆ ಸಹಾಯ ಓದಲು ಅದೇ ಆ್ಯಪ್ ತೆರೆಯಿರಿ ಅಂದರೆ ಅವರು ಏನು ಮಾಡಬೇಕು? ನಿಯಮಗಳ ಪುಟವೂ ಹಾಗೇ. ಒಪ್ಪಿಕೊಳ್ಳಿ ಅಂತ ಕೇಳುವ ಮಾತನ್ನು ಯಾವ ಸ್ಥಿತಿಯಲ್ಲೂ ಓದಲು ಸಿಗುವಂತೆ ಇಡುವುದು ನಮ್ಮ ಹೊಣೆ ಅಂತ ನಾನು ನಂಬಿದ್ದೇನೆ.

ಇನ್ನೊಂದು ಕಾರಣ ಲಿಂಕ್ ಹಂಚುವುದು. ಮೆಸೇಜ್‌ನಲ್ಲಿ ಒಂದು ಲಿಂಕ್ ಕಳಿಸಿದಾಗ ಕೆಳಗೆ ಶೀರ್ಷಿಕೆ, ಚಿತ್ರ ಬರುತ್ತದಲ್ಲ, ಅದು 2010ರಲ್ಲಿ ಫೇಸ್‌ಬುಕ್ ತಂದ ಓಪನ್ ಗ್ರಾಫ್ ಟ್ಯಾಗ್‌ಗಳಿಂದ ಬರುವುದು. ಆ ಟ್ಯಾಗ್ ಓದಲು ಬರುವ ಬಾಟ್‌ಗಳು ಸಾಮಾನ್ಯವಾಗಿ ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ. ನಿಮ್ಮ ಯಾವ ಪುಟ ಹಂಚಿದರೂ ಅವಕ್ಕೆ ಕಾಣುವುದು ಅದೇ ಇಂಡೆಕ್ಸ್‌ನ ಅದೇ ಶೀರ್ಷಿಕೆ. ಗೂಗಲ್‌ನ ಬಾಟ್ ಜಾವಾಸ್ಕ್ರಿಪ್ಟ್ ಓಡಿಸುತ್ತದೆ. 2019ರಿಂದ ಅದರ ಹಿಂದೆ ಕ್ರೋಮ್‌ನ ತಿರುಳಾದ ಕ್ರೋಮಿಯಂನ ಇತ್ತೀಚಿನ ಆವೃತ್ತಿ ಇದೆ. ಆದರೂ ಅದು ಮೊದಲು ಎಚ್‌ಟಿಎಂಎಲ್ ಓದಿ, ಸ್ಕ್ರಿಪ್ಟ್ ಓಡಿಸುವ ಕೆಲಸವನ್ನು ಸರದಿಯಲ್ಲಿ ಇಡುತ್ತದೆ. ಸಾದಾ ಪುಟಕ್ಕೆ ಆ ಕಾಯುವಿಕೆ ಇಲ್ಲ. ಇನ್ನೊಂದು ಚಿಕ್ಕ ಲಾಭ: ಸ್ಕ್ರಿಪ್ಟ್ ಇಲ್ಲದ ಪುಟಕ್ಕೆ ಕಂಟೆಂಟ್ ಸೆಕ್ಯುರಿಟಿ ಪಾಲಿಸಿಯಲ್ಲಿ 'ಇಲ್ಲಿ ಯಾವ ಸ್ಕ್ರಿಪ್ಟೂ ಓಡಬಾರದು' ಅಂತ ಬರೆದುಬಿಡಬಹುದು.

ಸರಿ, ಪುಟಗಳು ಪ್ರತ್ಯೇಕವಾಗಿಯೇ ಇರಲಿ ಅಂತ ತೀರ್ಮಾನವಾಯಿತು. ಎಲ್ಲಿ ಇಡುವುದು? ನನಗೆ ಇಷ್ಟವಾದ ದಾರಿ ಒಂದೇ. ಆ್ಯಪ್‌ಗೆ ಅದರದ್ದೇ ಒಂದು ದಾರಿ ಕೊಡಿ. '/ಆ್ಯಪ್/' ಅಂತ ಶುರುವಾಗುವುದೆಲ್ಲ ಆ್ಯಪ್‌ನದ್ದು. ಮಿಕ್ಕಿದ್ದೆಲ್ಲ ಸರ್ವರ್‌ನದ್ದು, ಅಂದರೆ ಫೈಲ್‌ಗಳದ್ದು. ಹ್ಯಾಶ್ ಇದ್ದ ಕಾಲದ ಗಡಿಯನ್ನು ಹೀಗೆ ವಾಪಸ್ ತಂದ ಹಾಗಾಗುತ್ತದೆ. ಫಾಲ್‌ಬ್ಯಾಕ್ ಆ ಒಂದು ದಾರಿಗೆ ಮಾತ್ರ. ಹೊರಗೆ '/ಸಹಾಯ', '/ನಿಯಮಗಳು' ಎಲ್ಲ ಸಾದಾ ಫೈಲ್, ಇಲ್ಲದಿದ್ದರೆ ಸಾದಾ 404. ರೂಟರ್‌ಗೆ ಬೇಸ್ ನೇಮ್ ಅಂತ ಒಂದು ಸೆಟ್ಟಿಂಗ್ ಇರುತ್ತದೆ, ಬಿಲ್ಡ್ ಉಪಕರಣಕ್ಕೆ ಬೇಸ್ ಅಂತ ಇರುತ್ತದೆ. ಎರಡನ್ನೂ ಬದಲಿಸಬೇಕು. ಒಂದನ್ನು ಮರೆತರೆ ಪರದೆ ಖಾಲಿ.

ಬೇರೆ ಸಬ್‌ಡೊಮೈನ್‌ನಲ್ಲಿ ಆ್ಯಪ್ ಇಡುವುದು ಇನ್ನೊಂದು ದಾರಿ. ಎರಡು ಟೀಮ್‌ಗಳು ಬೇರೆ ಬೇರೆ ಡಿಪ್ಲಾಯ್ ಮಾಡುವುದಾದರೆ ಇದೂ ಒಳ್ಳೆಯದೇ. ಆದರೆ ಬ್ರೌಸರ್ ಕಣ್ಣಿಗೆ ಅದು ಬೇರೆ ಒರಿಜಿನ್, ಅಂದರೆ ಬೇರೆಯೇ ಮೂಲ. ಕುಕೀಯನ್ನು ಡೊಮೈನ್ ಸೆಟ್ಟಿಂಗ್‌ನಿಂದ ಹಂಚಿಕೊಳ್ಳಬಹುದು. ಬ್ರೌಸರ್ ಒಳಗಿನ ಸಂಗ್ರಹವಾದ ಲೋಕಲ್ ಸ್ಟೋರೇಜ್ ಹಂಚಿಕೊಳ್ಳಲು ಆಗುವುದಿಲ್ಲ. ಸಹಾಯದ ಪುಟದಲ್ಲಿ ಬಳಕೆದಾರರು ಆರಿಸಿದ ಭಾಷೆ, ಕಪ್ಪು ಬಣ್ಣದ ಥೀಮ್ ಆ್ಯಪ್‌ಗೆ ಗೊತ್ತಾಗಬೇಕು ಅಂದರೆ ಬೇರೆ ದಾರಿ ಹುಡುಕಬೇಕು.

ಮೂರನೆಯ ದಾರಿ, ಆ್ಯಪ್ ಮತ್ತು ಪುಟಗಳು ಒಂದೇ ಮಟ್ಟದಲ್ಲಿ ಬೆರೆತಿರುವುದು. ಈಗಾಗಲೇ ಓಡುತ್ತಿರುವ ಆ್ಯಪ್‌ಗಳಲ್ಲಿ ಪರಿಸ್ಥಿತಿ ಹೆಚ್ಚಾಗಿ ಇದೇ. ಜನ ಬುಕ್‌ಮಾರ್ಕ್ ಮಾಡಿದ ವಿಳಾಸಗಳನ್ನು ಬದಲಿಸಲು ಆಗುವುದಿಲ್ಲ. ಅಂಥಲ್ಲಿ ಒಂದು ಪಟ್ಟಿ ಬರೆಯಿರಿ. ಸಾದಾ ಪುಟಗಳ ವಿಳಾಸಗಳ ಪಟ್ಟಿ. ಒಂದೇ ಫೈಲ್‌ನಲ್ಲಿ ಇರಲಿ. ಸರ್ವರ್‌ನ ಸೆಟ್ಟಿಂಗ್, ರೂಟರ್, ಆಮೇಲೆ ಹೇಳುವ ಸರ್ವಿಸ್ ವರ್ಕರ್, ಮೂರೂ ಬಿಲ್ಡ್ ಸಮಯದಲ್ಲಿ ಅದೇ ಪಟ್ಟಿಯಿಂದ ತಯಾರಾಗಲಿ. ಮೂರು ಕಡೆ ಕೈಯಿಂದ ಬರೆದರೆ ಒಂದಲ್ಲ ಒಂದು ದಿನ ಯಾರೋ ಎರಡು ಕಡೆ ಮಾತ್ರ ಬದಲಿಸುತ್ತಾರೆ.

ಮುಖಪುಟದ ಬಗ್ಗೆ ಪ್ರತಿ ಟೀಮ್‌ನಲ್ಲೂ ಚರ್ಚೆ ಆಗುತ್ತದೆ. ಲಾಗಿನ್ ಆಗದವರಿಗೆ ಪರಿಚಯದ ಸಾದಾ ಪುಟ, ಲಾಗಿನ್ ಆದವರಿಗೆ ಅದೇ ವಿಳಾಸದಲ್ಲಿ ಆ್ಯಪ್. ಕೇಳಲು ಚೆಂದ. ಆದರೆ ಆಗ ಒಂದು ವಿಳಾಸಕ್ಕೆ ಇಬ್ಬರು ಮಾಲೀಕರು. ಸರ್ವರ್ ಪ್ರತಿ ಸಲ ಕುಕೀ ನೋಡಬೇಕು. ಸಿಡಿಎನ್ ಒಬ್ಬರಿಗೆ ಕೊಟ್ಟ ಪುಟವನ್ನು ಇನ್ನೊಬ್ಬರಿಗೆ ಕೊಡದ ಹಾಗೆ ಕಾಯಬೇಕು. ನನ್ನ ಮಟ್ಟಿಗೆ ಮುಖಪುಟ ಯಾವಾಗಲೂ ಸಾದಾ ಪುಟವೇ ಆಗಿರಲಿ. ಲಾಗಿನ್ ಆದವರಿಗೆ ಅಲ್ಲಿ 'ಆ್ಯಪ್ ತೆರೆಯಿರಿ' ಅನ್ನುವ ಬಟನ್ ಸಾಕು.

ಈಗ ಮೊದಲ ತೊಂದರೆಗೆ ಬರೋಣ. ಆ್ಯಪ್ ಒಳಗಿನಿಂದ ಸಹಾಯದ ಲಿಂಕ್ ಒತ್ತಿದರೆ 'ಪುಟ ಸಿಗಲಿಲ್ಲ'. ಕಾರಣ, ಆ ಲಿಂಕನ್ನು ರೂಟರ್‌ನ ಲಿಂಕ್ ಕಾಂಪೊನೆಂಟ್ ಬಳಸಿ ಬರೆದಿದ್ದೀರಿ. ಅದು ಸರ್ವರ್‌ಗೆ ಹೋಗುವುದೇ ಇಲ್ಲ. ಸಾದಾ ಪುಟಕ್ಕೆ ಸಾದಾ ಆ್ಯಂಕರ್ ಟ್ಯಾಗ್ ಬರೆಯಿರಿ. ರಿಯಾಕ್ಟ್ ರೂಟರ್‌ನಲ್ಲಿ ಲಿಂಕ್ ಕಾಂಪೊನೆಂಟ್‌ಗೇ 'ರೀಲೋಡ್ ಡಾಕ್ಯುಮೆಂಟ್' ಅನ್ನುವ ಗುಣವೂ ಇದೆ. ಹಳೆಯ ಆ್ಯಂಗ್ಯುಲರ್‌ಜೆಎಸ್‌ನಲ್ಲಿ ಇದು ಇನ್ನೂ ಕಷ್ಟವಿತ್ತು. ಎಚ್‌ಟಿಎಂಎಲ್5 ಮೋಡ್‌ನಲ್ಲಿ ಅದು ಸಾದಾ ಆ್ಯಂಕರ್‌ಗಳನ್ನೂ ಹಿಡಿಯುತ್ತಿತ್ತು. ಟಾರ್ಗೆಟ್ ಅನ್ನುವ ಗುಣ ಕೊಟ್ಟರೆ ಬಿಡುತ್ತಿತ್ತು. ಅಂಥ ಹಳೆಯ ಕೋಡ್ ಇನ್ನೂ ಓಡುತ್ತಿರುವ ಕಡೆ ಇದು ಗೊತ್ತಿರಲಿ.

ಇನ್ನೂ ಒಂದು ಸಲಹೆ. ರೂಟರ್‌ಗೆ ಗೊತ್ತಿಲ್ಲದ ವಿಳಾಸ ಬಂದಾಗ 'ಸಿಗಲಿಲ್ಲ' ಅನ್ನುವ ಮೊದಲು ಅದು ಪಟ್ಟಿಯಲ್ಲಿ ಇದೆಯೇ ನೋಡಿ, ಇದ್ದರೆ ಪೂರ್ತಿ ಪುಟವನ್ನು ಸರ್ವರ್‌ನಿಂದ ತರಿಸಿ. ಪಟ್ಟಿ ನೋಡದೆ ಎಲ್ಲವನ್ನೂ ಸರ್ವರ್‌ಗೆ ಕಳಿಸಬೇಡಿ. ಸರ್ವರ್ ಇಂಡೆಕ್ಸ್ ಕೊಡುತ್ತದೆ, ಆ್ಯಪ್ ಮತ್ತೆ ಸರ್ವರ್‌ಗೆ ಕಳಿಸುತ್ತದೆ, ಪುಟ ಕೊನೆಯಿಲ್ಲದೆ ರೀಲೋಡ್ ಆಗುತ್ತಲೇ ಇರುತ್ತದೆ.

ಇಷ್ಟು ಹೊತ್ತು ತೀರ್ಮಾನ ಎರಡು ಕಡೆ ಆಗುತ್ತದೆ ಅಂದೆ. ಮೂರನೆಯದೂ ಇದೆ, ಸರ್ವಿಸ್ ವರ್ಕರ್. ನೆಟ್ ಇಲ್ಲದಾಗಲೂ ಆ್ಯಪ್ ತೆರೆಯಲಿ ಅಂತ ಹಾಕುತ್ತೇವೆ. ಅದು ಬ್ರೌಸರ್ ಮತ್ತು ನೆಟ್‌ವರ್ಕ್ ನಡುವೆ ಕೂರುತ್ತದೆ. ಬಹಳಷ್ಟು ಕಡೆ ಅದಕ್ಕೆ 'ಯಾವ ಪುಟ ಕೇಳಿದರೂ ಕ್ಯಾಶ್‌ನಲ್ಲಿರುವ ಇಂಡೆಕ್ಸ್ ಕೊಡು' ಅಂತ ಹೇಳಿರುತ್ತಾರೆ. ಆಗ ಏನಾಗುತ್ತದೆ? ನೀವು ಸರ್ವರ್ ಸರಿ ಮಾಡಿದ್ದೀರಿ, ಲಿಂಕ್ ಸರಿ ಮಾಡಿದ್ದೀರಿ. ಹೊಸಬರಿಗೆ ಸಹಾಯದ ಪುಟ ಬರುತ್ತದೆ. ದಿನವೂ ಆ್ಯಪ್ ಬಳಸುವವರಿಗೆ ಬರುವುದಿಲ್ಲ. ವಿಳಾಸ ಟೈಪ್ ಮಾಡಿದರೂ, ರಿಫ್ರೆಶ್ ಮಾಡಿದರೂ ಇಲ್ಲ. ಸರ್ವರ್ ಲಾಗ್‌ನಲ್ಲಿ ಅವರ ವಿನಂತಿ ಕಾಣುವುದೇ ಇಲ್ಲ, ಯಾಕೆಂದರೆ ಅದು ಸರ್ವರ್‌ವರೆಗೆ ಬಂದೇ ಇಲ್ಲ. ಡೆವಲಪರ್ ಖಾಸಗಿ ವಿಂಡೋದಲ್ಲಿ ನೋಡಿ 'ನನಗೆ ಬರ್ತಿದೆಯಲ್ಲ' ಅನ್ನುತ್ತಾರೆ. ನಾನು ಹತ್ತಿರದಿಂದ ನೋಡಿದ ಒಂದು ಟೀಮ್‌ನಲ್ಲಿ ಹೊಸ ಖಾಸಗಿತನದ ನೀತಿ ಹೀಗೆ ಹಳೆಯ ಬಳಕೆದಾರರಿಗೆ ಮಾತ್ರ ಕಾಣದೆ ಉಳಿದಿತ್ತು. ಆ ನೀತಿ ಮುಖ್ಯವಾಗಿ ಬೇಕಾಗಿದ್ದು ಅವರಿಗೇ.

ಸರ್ವಿಸ್ ವರ್ಕರ್ ಬರೆಯಲು ವರ್ಕ್‌ಬಾಕ್ಸ್ ಲೈಬ್ರರಿ ಬಳಸುತ್ತಿದ್ದರೆ ನ್ಯಾವಿಗೇಶನ್ ರೂಟ್‌ಗೆ ಡಿನೈ ಲಿಸ್ಟ್, ಅಂದರೆ ಮುಟ್ಟಬಾರದ ವಿಳಾಸಗಳ ಪಟ್ಟಿ, ಕೊಡಬಹುದು. ಸಾದಾ ಪುಟಗಳು, ಎಪಿಐ ಎಲ್ಲ ಅದರಲ್ಲಿ ಬರಲಿ. ಆ್ಯಂಗ್ಯುಲರ್‌ನ ಸರ್ವಿಸ್ ವರ್ಕರ್ ವಿಳಾಸದ ಕೊನೆಯ ಭಾಗದಲ್ಲಿ ಚುಕ್ಕೆ ಇದ್ದರೆ ತಾನೇ ಬಿಟ್ಟುಬಿಡುತ್ತದೆ. ಆದರೆ '/ಸಹಾಯ' ಅನ್ನುವಲ್ಲಿ ಚುಕ್ಕೆ ಇಲ್ಲವಲ್ಲ, ಅದನ್ನು ನೀವೇ ಹೇಳಬೇಕು. ಇಲ್ಲೂ '/ಆ್ಯಪ್/' ದಾರಿಯ ಲಾಭ ಕಾಣುತ್ತದೆ. ಸರ್ವಿಸ್ ವರ್ಕರ್ ಫೈಲ್ ಆ ಫೋಲ್ಡರ್ ಒಳಗಿದ್ದರೆ ಅದರ ಅಧಿಕಾರವೂ ತಾನಾಗಿ ಆ ಫೋಲ್ಡರ್‌ಗೇ ಸೀಮಿತ. ಹೊರಗಿನ ಪುಟಗಳ ತಂಟೆಗೆ ಬರುವುದಿಲ್ಲ. ಒಂದೇ ಗಮನ: ಕೊನೆಯ ಸ್ಲ್ಯಾಶ್ ಇಲ್ಲದ '/ಆ್ಯಪ್' ಆ ವ್ಯಾಪ್ತಿಯ ಹೊರಗೆ ಉಳಿಯುತ್ತದೆ. ಅದನ್ನು ಸ್ಲ್ಯಾಶ್ ಇರುವ ವಿಳಾಸಕ್ಕೆ ರೀಡೈರೆಕ್ಟ್ ಮಾಡಿ.

ಸ್ಲ್ಯಾಶ್ ಬಗ್ಗೆ ಇನ್ನೆರಡು ಮಾತು. ಸಹಾಯದ ಪುಟ ಒಂದು ಫೋಲ್ಡರ್‌ನಲ್ಲಿದ್ದು, ಅದರ ಚಿತ್ರಗಳಿಗೆ ಸಾಪೇಕ್ಷ ವಿಳಾಸ ಬರೆದಿದ್ದರೆ, ಸ್ಲ್ಯಾಶ್ ಇದ್ದಾಗ ಚಿತ್ರ ಬರುತ್ತದೆ, ಇಲ್ಲದಾಗ ಬರುವುದಿಲ್ಲ. ಬ್ರೌಸರ್ ಕೊನೆಯ ಸ್ಲ್ಯಾಶ್‌ವರೆಗಿನ ಭಾಗವನ್ನೇ ಫೋಲ್ಡರ್ ಅಂತ ತಿಳಿಯುತ್ತದೆ. ಎರಡರಲ್ಲಿ ಒಂದು ರೂಪ ಆರಿಸಿ, ಇನ್ನೊಂದನ್ನು 301 ರೀಡೈರೆಕ್ಟ್ ಮಾಡಿ. ಯಾವುದನ್ನು ಆರಿಸಿದರೂ ಪರವಾಗಿಲ್ಲ.

ಎರಡೂ ಕಡೆ ಒಂದೇ ಥರ ಕಾಣಬೇಕು ಅನ್ನುವ ವಿಷಯದಲ್ಲಿ ನಾನು ಸ್ವಲ್ಪ ಸಡಿಲ. ಬಣ್ಣ, ಅಕ್ಷರದ ಗಾತ್ರ, ಅಂತರ ಇಷ್ಟನ್ನು ಒಂದು ಚಿಕ್ಕ ಸಿಎಸ್‌ಎಸ್ ಫೈಲ್‌ನಲ್ಲಿ ಇಟ್ಟು ಎರಡೂ ಕಡೆ ಬಳಸಿ. ಆ್ಯಪ್‌ನ ಬಿಲ್ಡ್ ಆದ ಸಿಎಸ್‌ಎಸ್‌ಗೆ ಸಾದಾ ಪುಟದಿಂದ ನೇರ ಲಿಂಕ್ ಹಾಕಬೇಡಿ, ಅದರ ಹೆಸರು ಮುಂದಿನ ಬಿಲ್ಡ್‌ನಲ್ಲಿ ಬದಲಾಗುತ್ತದೆ. ಹಾಕಲೇಬೇಕು ಅಂದರೆ ಬಿಲ್ಡ್ ಕೊಡುವ ಮ್ಯಾನಿಫೆಸ್ಟ್ ಫೈಲ್‌ನಿಂದ ಹೆಸರು ತಗೊಳ್ಳಿ. ಮೇಲಿನ ಮೆನು ಎರಡೂ ಕಡೆ ಅಕ್ಷರಶಃ ಒಂದೇ ಇರಬೇಕು ಅಂತ ಹಠ ಬೇಡ. ಸಾದಾ ಪುಟಕ್ಕೆ ಲೋಗೋ, ನಾಲ್ಕು ಲಿಂಕ್ ಸಾಕು.

ಕೊನೆಯದಾಗಿ, ಇದೆಲ್ಲ ಸರಿ ಇದೆಯೇ ಅಂತ ತಿಳಿಯುವುದು ಹೇಗೆ. ನಿಮ್ಮ ಕಂಪ್ಯೂಟರ್‌ನಲ್ಲಿ ಸರಿ ಇದ್ದರೆ ಸಾಲದು. ಡೆವಲಪ್‌ಮೆಂಟ್ ಸರ್ವರ್‌ಗೆ ಅದರದ್ದೇ ಫಾಲ್‌ಬ್ಯಾಕ್ ನಿಯಮ ಇರುತ್ತದೆ. ಕೆಲವು, ವಿನಂತಿಯ ಆಕ್ಸೆಪ್ಟ್ ಹೆಡರ್‌ನಲ್ಲಿ ಎಚ್‌ಟಿಎಂಎಲ್ ಇದೆಯೇ, ವಿಳಾಸದಲ್ಲಿ ಚುಕ್ಕೆ ಇದೆಯೇ ಅಂತ ನೋಡಿ ಊಹಿಸುತ್ತವೆ. ನಿಮ್ಮ ನಿಜವಾದ ಸರ್ವರ್ ಹಾಗೆ ಊಹಿಸುವುದಿಲ್ಲ. ಹಾಗಾಗಿ ಡಿಪ್ಲಾಯ್ ಆದ ತಕ್ಷಣ ಓಡುವ ಒಂದು ಚಿಕ್ಕ ಸ್ಕ್ರಿಪ್ಟ್ ಬರೆಯಿರಿ. ಕಮಾಂಡ್ ಲೈನ್‌ನಿಂದ ವಿಳಾಸ ಕೇಳುವ ಉಪಕರಣ ಕರ್ಲ್ ಸಾಕು. ನಿಯಮಗಳ ಪುಟ ಕೇಳಲಿ, 200 ಬರಬೇಕು, ಪುಟದೊಳಗೆ ಅದರದ್ದೇ ಶೀರ್ಷಿಕೆ ಇರಬೇಕು. ಸ್ಟೇಟಸ್ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ, ಇಂಡೆಕ್ಸ್ ಕೂಡ 200 ಅನ್ನುತ್ತದಲ್ಲ. ಆ್ಯಪ್‌ನ ಆಳದ ಒಂದು ವಿಳಾಸ ಕೇಳಲಿ, ಇಂಡೆಕ್ಸ್ ಬರಬೇಕು. ಇಲ್ಲದ ಜಾವಾಸ್ಕ್ರಿಪ್ಟ್ ಫೈಲ್ ಕೇಳಲಿ, 404 ಬರಬೇಕು. ಇಲ್ಲದ ಎಪಿಐ ಕೇಳಲಿ, 404 ಜೊತೆ ಜೇಸನ್ ಬರಬೇಕು. ರೋಬೋಟ್ಸ್ ಫೈಲ್ ಕೇಳಲಿ, ಕಂಟೆಂಟ್ ಟೈಪ್ ಸಾದಾ ಪಠ್ಯ ಆಗಿರಬೇಕು. ಯಾವುದಾದರೂ ತಪ್ಪಿದರೆ ಡಿಪ್ಲಾಯ್ ವಾಪಸ್ ಹೋಗಲಿ.

ಸರ್ವಿಸ್ ವರ್ಕರ್ ಇದ್ದರೆ ಕರ್ಲ್‌ಗೆ ಅದು ಕಾಣುವುದಿಲ್ಲ. ಅದಕ್ಕೆ ಒಂದು ಬ್ರೌಸರ್ ಪರೀಕ್ಷೆ ಬೇಕು. ಮೊದಲು ಆ್ಯಪ್ ತೆರೆದು, ವರ್ಕರ್ ಕೂತ ಮೇಲೆ, ಅದೇ ಟ್ಯಾಬ್‌ನಲ್ಲಿ ಸಾದಾ ಪುಟಗಳನ್ನು ಒಂದೊಂದಾಗಿ ತೆರೆಯುವ ಪರೀಕ್ಷೆ. ಲಿಂಕ್ ಒತ್ತಿ ಒಮ್ಮೆ, ರಿಫ್ರೆಶ್ ಮಾಡಿ ಇನ್ನೊಮ್ಮೆ. ಎರಡರಲ್ಲೂ ಒಂದೇ ಪುಟ ಬಂದರೆ ಡಿಪ್ಲಾಯ್ ಮುಗೀತು ಅಂತ ಟೀಮ್‌ಗೆ ಹೇಳಬಹುದು.